ತಗಡಿನ ಊರು, ಉಪ್ಪಿನ ಗಾಳಿ: ಅಟಕಾಮಾದ ಗಣಿಯೂರುಗಳನ್ನು ಉಳಿಸುವ ಕಷ್ಟ

ಚಿಲಿ ದೇಶದ ಉತ್ತರ ತುದಿಯಲ್ಲಿ ಇಕೀಕೆ ಎಂಬ ಬಂದರಿದೆ. ಅಲ್ಲಿಂದ ಸುಮಾರು 48 ಕಿಲೋಮೀಟರ್ ಒಳಗೆ ಹೋದರೆ, ಅಟಕಾಮಾ ಮರುಭೂಮಿಯ ನಡುವೆ ಒಂದು ಈಜುಕೊಳ ಸಿಗುತ್ತದೆ. ಅದರಲ್ಲಿ ನೀರಿಲ್ಲ. ಅದರ ಗೋಡೆ ಹಡಗಿನ ಕಬ್ಬಿಣದ ತಗಡುಗಳದ್ದು. ರಿವೆಟ್ ಹೊಡೆದು ಕೂಡಿಸಿದ ಅವು ಒಂದು ದೈತ್ಯ ಹಂಡೆಯ ಹಾಗೆ ಕಾಣುತ್ತವೆ. ಪಕ್ಕದಲ್ಲಿ ಜಿಗಿಯುವ ಹಲಗೆ, ನೋಡುವವರಿಗೆ ಕೂರಲು ಮೆಟ್ಟಿಲು. ಇನ್ನೊಂದು ಕಡೆ ನಾಟಕಶಾಲೆ, ಅದರೊಳಗೆ ಮರದ ಕುರ್ಚಿಗಳ ಸಾಲು. ಇಗರ್ಜಿ, ಶಾಲೆ, ಮಾರುಕಟ್ಟೆ, ಹೋಟೆಲು, ಕೂಲಿಗಳ ಲೈನ್ ಮನೆಗಳು ಎಲ್ಲ ಇವೆ. ಊರು ಖಾಲಿಯಾದದ್ದು 1960ರಲ್ಲಿ.

ಊರಿನ ಹೆಸರು ಹಂಬರ್‌ಸ್ಟೋನ್. ಸ್ವಲ್ಪ ದೂರದಲ್ಲೇ ಸಾಂತಾ ಲೌರಾ ಎಂಬ ಇನ್ನೊಂದು. ಎರಡನ್ನೂ ಜೋಡಿಯಾಗಿ ಯುನೆಸ್ಕೊ 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಅದೇ ವರ್ಷ ‘ಅಪಾಯದಲ್ಲಿರುವ ತಾಣ’ಗಳ ಪಟ್ಟಿಗೂ ಸೇರಿಸಿತು. ನಾಮಕರಣದ ದಿನವೇ ಮಗುವನ್ನು ಆಸ್ಪತ್ರೆಗೆ ಸೇರಿಸಿದ ಹಾಗಾಯಿತು. ಆ ಎರಡನೆಯ ಪಟ್ಟಿಯಿಂದ ಹೆಸರು ತೆಗೆಸಿಕೊಳ್ಳಲು 2019 ಬರಬೇಕಾಯಿತು.

ದೇವಸ್ಥಾನವನ್ನೋ ಕೋಟೆಯನ್ನೋ ಉಳಿಸುವುದೆಂದರೆ ಏನು ಅಂತ ನಮಗೆ ಗೊತ್ತು. ಅವನ್ನು ಕಟ್ಟಿಸಿದವರೇ ಆಚಂದ್ರಾರ್ಕ ನಿಲ್ಲಲಿ ಎಂದು ಶಾಸನ ಬರೆಸಿ ಹೋದರು. ಹಂಬರ್‌ಸ್ಟೋನ್ ಕಟ್ಟಿದ ಕಂಪನಿಗಳಿಗೆ ಅಂಥ ಯಾವ ಆಸೆಯೂ ಇರಲಿಲ್ಲ. ನೆಲದಲ್ಲಿ ಸರಕು ಇರುವ ತನಕ ನಿಂತರೆ ಸಾಕು. ಮುಗಿದ ಮೇಲೆ ತಗಡು ಬಿಚ್ಚು, ಮರ ಕಳಚು, ಮುಂದಿನ ಜಾಗಕ್ಕೆ ನಡೆ. ನಾಲ್ಕು ದಿನಕ್ಕೆಂದು ಎತ್ತಿ ನಿಲ್ಲಿಸಿದ್ದನ್ನು ನಾನ್ನೂರು ವರ್ಷಕ್ಕೆ ಉಳಿಸಲು ಹೊರಟರೆ ಏನೇನು ತೊಡಕು ಬರುತ್ತದೆ ಎಂಬುದು ಅರ್ಥವಾಗಬೇಕಾದರೆ, ಆ ಸರಕಿನಿಂದಲೇ ಶುರುಮಾಡಬೇಕು.

ಮಳೆ ಬಾರದ್ದರ ಫಲ

ಸರಕೆಂದರೆ ಸೋಡಿಯಂ ನೈಟ್ರೇಟ್. ನಮ್ಮ ಪೆಟ್ಲುಪ್ಪಿನ ಹತ್ತಿರದ ನೆಂಟ. ಪೆಟ್ಲುಪ್ಪು ಪೊಟ್ಯಾಸಿಯಂ ನೈಟ್ರೇಟ್. ಒಂದು ಕಾಲಕ್ಕೆ ಜಗತ್ತಿನ ತುಪಾಕಿಗಳ ಮದ್ದಿಗೆ ಬಿಹಾರದ ಹಳ್ಳಿಗಳಿಂದಲೇ ಅದು ಹೋಗುತ್ತಿತ್ತು. ಚಿಲಿಯ ಉಪ್ಪು ತೇವ ಹೀರುತ್ತದೆ, ಆದ್ದರಿಂದ ತುಪಾಕಿ ಮದ್ದಿಗೆ ನೇರವಾಗಿ ಒಗ್ಗದು. ಆದರೆ ಪೊಟ್ಯಾಸಿಯಂ ಕ್ಲೋರೈಡ್ ಜೊತೆ ಸೇರಿಸಿ ಅದನ್ನು ಪೆಟ್ಲುಪ್ಪಾಗಿ ಬದಲಾಯಿಸಬಹುದೆಂದು ಯುರೋಪಿನವರು ಕಲಿತ ಮೇಲೆ ಬಿಹಾರದ ವ್ಯಾಪಾರ ಕುಸಿಯಿತು. ಚಿಲಿಯ ಉಪ್ಪಿನ ಬಹುಪಾಲು ಹೋಗುತ್ತಿದ್ದದ್ದು ಮಾತ್ರ ಹೊಲಕ್ಕೆ, ಗೊಬ್ಬರವಾಗಿ. ಯುರೋಪಿನ ಗೋಧಿ, ಬೀಟ್‌ರೂಟ್ ಬೆಳೆದದ್ದು ಇದರ ಬಲದಿಂದ.

ಇದು ಅಟಕಾಮಾದಲ್ಲೇ ಯಾಕೆ ಸಿಕ್ಕಿತು? ನೈಟ್ರೇಟ್ ನೀರು ಕಂಡೊಡನೆ ಕರಗಿ ಹರಿದುಹೋಗುವ ಲವಣ. ಒಂದೇ ಒಂದು ಹದವಾದ ಮುಂಗಾರು ಸಾಕು, ಮೇಲಿನ ಪದರವೆಲ್ಲ ತೊಳೆದುಹೋಗಲು. ಅಟಕಾಮಾದ ಈ ಭಾಗದಲ್ಲಿ ವರ್ಷಕ್ಕೆ ಒಂದೆರಡು ಮಿಲಿಮೀಟರ್ ಮಳೆ. ಎಷ್ಟೋ ವರ್ಷ ಅದೂ ಇಲ್ಲ. ಸಮುದ್ರದ ಹಕ್ಕಿಗಳ ಹಿಕ್ಕೆಯಿಂದ ಆದದ್ದು, ಒಣಗಿದ ಪಾಚಿಯಿಂದ ಆದದ್ದು ಎಂದು ಹಿಂದೆ ವಾದಗಳಿದ್ದವು. ಆಮ್ಲಜನಕದ ಐಸೊಟೋಪುಗಳನ್ನು ಅಳೆದು ನೋಡಿದಾಗ ಹೆಚ್ಚಿನ ಪಾಲು ಗಾಳಿಯಿಂದಲೇ ಇಳಿದದ್ದು ಎಂದು ತಿಳಿಯಿತು. ಎಲ್ಲ ಊರಿನ ಮೇಲೂ ಗಾಳಿಯಿಂದ ಅಷ್ಟಿಷ್ಟು ನೈಟ್ರೇಟ್ ಇಳಿಯುತ್ತದೆ. ಬೇರೆಡೆ ಮಳೆ ತೊಳೆಯುತ್ತದೆ, ಗಿಡ ತಿನ್ನುತ್ತದೆ. ಇಲ್ಲಿ ಲಕ್ಷಾಂತರ ವರ್ಷ ಎರಡೂ ಇರಲಿಲ್ಲ, ಕೂಡಿಕೊಂಡೇ ಹೋಯಿತು. ಹೀಗೆ ಗಟ್ಟಿಯಾದ ಪದರಕ್ಕೆ ಅಲ್ಲಿನವರು ಕಲೀಚೆ ಎನ್ನುತ್ತಾರೆ. ಅದು ನೆಲಮಟ್ಟಕ್ಕೆ ಹತ್ತಿರವೇ ಇದೆ. ಮೇಲಿನ ಸಡಿಲ ಮಣ್ಣು, ಅದರಡಿಯ ಹೆಪ್ಪು ಒಡೆದರೆ ಸಿಕ್ಕಿತು. ಕೋಲಾರದಂತೆ ಕಿಲೋಮೀಟರುಗಟ್ಟಲೆ ಆಳಕ್ಕೆ ಇಳಿಯಬೇಕಿಲ್ಲ. ಹಾಗಾಗಿ ಇಲ್ಲಿನ ಗಣಿ ಆಳಕ್ಕೆ ಹೋಗಲಿಲ್ಲ, ಅಗಲಕ್ಕೆ ಹಬ್ಬಿತು. ಬಾಂಬು ಬಿದ್ದಂತೆ ಕಾಣುವ ಅಗೆದ ನೆಲ ಇವತ್ತಿಗೂ ಹಾಗೆಯೇ ಇದೆ, ಮುಚ್ಚಲು ಮಳೆಯಿಲ್ಲವಲ್ಲ.

ಒಡೆದು ತಂದ ಕಲೀಚೆಯಲ್ಲಿ ನೈಟ್ರೇಟಿನ ಜೊತೆ ಅಡುಗೆಯುಪ್ಪು, ಮಣ್ಣು, ಇನ್ನೂ ಏನೇನೋ ಲವಣ. ಬೇರ್ಪಡಿಸುವ ಉಪಾಯ ಕಲ್ಲುಸಕ್ಕರೆ ಮಾಡಿದ ಹಾಗೆಯೇ. ಬಿಸಿನೀರಿನಲ್ಲಿ ಹಿಡಿಸುವಷ್ಟು ಕರಗಿಸಿ ಆರಲು ಬಿಟ್ಟರೆ ಹರಳು ಕಟ್ಟುತ್ತದೆ. ಗುಟ್ಟಿರುವುದು ಈ ಲೆಕ್ಕದಲ್ಲಿ: 100 ಗ್ರಾಂ ಕುದಿನೀರಿನಲ್ಲಿ ಸುಮಾರು 180 ಗ್ರಾಂ ಸೋಡಿಯಂ ನೈಟ್ರೇಟ್ ಕರಗುತ್ತದೆ, ಹೆಪ್ಪುಗಟ್ಟುವಷ್ಟು ತಣ್ಣೀರಿನಲ್ಲಿ ಬರೀ 73 ಗ್ರಾಂ. ಅಡುಗೆಯುಪ್ಪಿಗೆ ಬಿಸಿ ತಣ್ಣನೆಯ ಭೇದವೇ ಇಲ್ಲ, 39 ಇದ್ದದ್ದು 36 ಆಗುತ್ತದೆ ಅಷ್ಟೆ. ದ್ರಾವಣ ಆರಿದಾಗ ನೈಟ್ರೇಟ್ ತಳ ಸೇರುತ್ತದೆ, ಉಪ್ಪು ಬಹುಮಟ್ಟಿಗೆ ನೀರಲ್ಲೇ ಉಳಿಯುತ್ತದೆ. ಉಳಿದ ನೀರನ್ನು ಮತ್ತೆ ಮತ್ತೆ ಬಳಸುತ್ತಿದ್ದರು. ಅದರಿಂದಲೇ ಅಯೋಡಿನ್ ಕೂಡ ತೆಗೆಯುತ್ತಿದ್ದರು. ಇಂಗ್ಲೆಂಡಿನಿಂದ ಬಂದ ರಸಾಯನತಜ್ಞ ಜೇಮ್ಸ್ ಥಾಮಸ್ ಹಂಬರ್‌ಸ್ಟೋನ್, ಸೋಡಾ ಕಾರ್ಖಾನೆಗಳಲ್ಲಿ ಬಳಕೆಯಲ್ಲಿದ್ದ ಶ್ಯಾಂಕ್ಸ್ ವಿಧಾನವನ್ನು 1870ರ ದಶಕದ ಕೊನೆಯಲ್ಲಿ ಇಲ್ಲಿಗೆ ಹೊಂದಿಸಿದ. ತೊಟ್ಟಿಗಳ ಒಳಗೆ ಉಗಿಯ ಕೊಳವೆ ಓಡಿಸಿ ಕಾಯಿಸುವ ಆ ಪದ್ಧತಿಯಿಂದ, ಹಿಂದೆ ಎಸೆಯುತ್ತಿದ್ದ ಬಡ ಕಲೀಚೆಯೂ ಲಾಭದ್ದಾಯಿತು. ಲಾ ಪಾಲ್ಮಾ ಎಂದಿದ್ದ ಊರಿಗೆ 1934ರಲ್ಲಿ ಆತನ ಹೆಸರು ಬಂತು.

ಅಂದ ಹಾಗೆ ಈ ಅಯೋಡಿನ್ ವಿಷಯ. ಜಗತ್ತಿನಲ್ಲಿ ಅತಿ ಹೆಚ್ಚು ಅಯೋಡಿನ್ ಉತ್ಪಾದಿಸುವುದು ಇಂದಿಗೂ ಚಿಲಿ, ಅದೂ ಇದೇ ಕಲೀಚೆಯಿಂದ. ಭಾರತ ಅಯೋಡಿನ್ ಆಮದು ಮಾಡಿಕೊಳ್ಳುವ ಮುಖ್ಯ ದೇಶಗಳಲ್ಲಿ ಅದೂ ಒಂದು. ನಮ್ಮ ಅಡುಗೆಮನೆಯ ಉಪ್ಪಿನ ಡಬ್ಬದಲ್ಲಿ ಆ ಮರುಭೂಮಿಯ ಚೂರು ಇದ್ದರೂ ಇದ್ದೀತು.

ಬಿಲ್ಲೆ, ತೊಟ್ಟಿ ಮತ್ತು ಬೇಡಿಕೆಗಳ ಪಟ್ಟಿ

ಈ ಉಪ್ಪಿಗಾಗಿ ಯುದ್ಧವೇ ನಡೆಯಿತು. ಹಂಬರ್‌ಸ್ಟೋನ್ ಇರುವ ತಾರಾಪಾಕಾ ಆಗ ಪೆರು ದೇಶದ್ದು. ದಕ್ಷಿಣದ ಅಂತೋಫಗಾಸ್ತಾ ಬೊಲಿವಿಯಾದ್ದು. ರಫ್ತಾಗುವ ನೈಟ್ರೇಟ್ ಮೇಲೆ ಬೊಲಿವಿಯಾ ಹಾಕಿದ ಕ್ವಿಂಟಲಿಗೆ 10 ಸೆಂಟಿನ ತೆರಿಗೆಯ ಜಗಳ 1879ರಲ್ಲಿ ಯುದ್ಧವಾಯಿತು. ಗೆದ್ದ ಚಿಲಿ ಎರಡೂ ಪ್ರಾಂತ್ಯಗಳನ್ನು ನುಂಗಿತು, ಬೊಲಿವಿಯಾ ಸಮುದ್ರವನ್ನೇ ಕಳೆದುಕೊಂಡಿತು. ಮುಂದಿನ ದಶಕಗಳಲ್ಲಿ ಚಿಲಿ ಸರ್ಕಾರದ ಬೊಕ್ಕಸ ತುಂಬಿದ್ದೇ ಈ ರಫ್ತಿನ ಸುಂಕದಿಂದ.

ಮೂರೂ ದೇಶಗಳಿಂದ ಕೂಲಿಗಳು ಬಂದರು. ಈ ಬಯಲಿಗೆ ಪಂಪಾ ಎಂದು ಹೆಸರು, ಅಲ್ಲಿ ಬಾಳಿದವರು ಪಂಪೀನೋಗಳು. ಇನ್ನೂರಕ್ಕೂ ಹೆಚ್ಚು ಇಂಥ ಗಣಿಯೂರುಗಳಿದ್ದವು. ಪ್ರತಿಯೊಂದೂ ಕಂಪನಿಯದೇ: ಮನೆ ಕಂಪನಿಯದು, ನೀರು ಕಂಪನಿಯದು, ಅಂಗಡಿಯೂ ಕಂಪನಿಯದು. ಕೂಲಿ ಕೊಡುತ್ತಿದ್ದದ್ದು ನಾಣ್ಯದಲ್ಲಲ್ಲ, ಬಿಲ್ಲೆಯಲ್ಲಿ. ಹಿತ್ತಾಳೆಯದೋ ಗಟ್ಟಿ ರಬ್ಬರಿನದೋ ಗುಂಡನೆಯ ತುಂಡು, ಮೇಲೆ ಗಣಿಯೂರಿನ ಹೆಸರು. ಪುಲ್ಪೆರಿಯಾ ಎಂಬ ಆ ಕಂಪನಿ ಅಂಗಡಿ ಬಿಟ್ಟು ಬೇರೆಲ್ಲೂ ನಡೆಯದು. ನಾಣ್ಯಕ್ಕೆ ಬದಲಿಸಿಕೊಳ್ಳಲು ಹೋದರೆ ಅದರಲ್ಲೂ ಮುರಿದುಕೊಳ್ಳುವರು. ಮಕ್ಕಳಿಗೂ ಕೆಲಸವಿತ್ತು. ಸಿಡಿಮದ್ದು ತುಂಬುವ ಸಣ್ಣ ಬಾವಿಯಂಥ ತೂತಿನ ತಳ ಅಗಲ ಮಾಡಲು ದೊಡ್ಡವರು ಇಳಿಯಲಾರರು, ಹುಡುಗನನ್ನು ಇಳಿಸುತ್ತಿದ್ದರು.

1907ರ ಡಿಸೆಂಬರಿನಲ್ಲಿ ಸಾವಿರಾರು ಕೂಲಿಗಳು ಕೆಲಸ ನಿಲ್ಲಿಸಿ ಇಕೀಕೆಗೆ ಇಳಿದು ಬಂದರು, ಹಲವರು ಹೆಂಡತಿ ಮಕ್ಕಳ ಜೊತೆ. ಅವರ ಬೇಡಿಕೆಗಳ ಪಟ್ಟಿ ಉಳಿದುಬಂದಿದೆ. ಆ ದಿನಗಳನ್ನು ಅದರಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಕಾಗದ ನನಗೆ ಕಂಡಿಲ್ಲ. ಬೆಲೆ ಕುಸಿಯುತ್ತಿದ್ದ ನೋಟಿನ ಬದಲು, ಪೆಸೊಗೆ 18 ಬ್ರಿಟಿಷ್ ಪೆನ್ಸ್ ದರದಲ್ಲಿ ಕೂಲಿ ಕೊಡಿ. ಬಿಲ್ಲೆಯನ್ನು ಅದರ ಪೂರ್ತಿ ಬೆಲೆಗೆ ತೆಗೆದುಕೊಳ್ಳಿ. ಅಂಗಡಿಯ ಹೊರಗೆ ಒಂದು ತಕ್ಕಡಿ, ಒಂದು ಅಳತೆಗೋಲು ಇಡಿ, ನಾವೇ ತೂಗಿ ಅಳೆದು ನೋಡಿಕೊಳ್ಳುತ್ತೇವೆ. ಬಡ ಕಲೀಚೆ ಎಂದು ದುಡ್ಡು ಕೊಡದೆ ತಿರಸ್ಕರಿಸಿದ್ದನ್ನು ಆಮೇಲೆ ನೀವೇ ಕುದಿಸಬೇಡಿ. ರಾತ್ರಿಶಾಲೆಗೆ ಜಾಗ ಕೊಡಿ. ಮತ್ತೆ, ಕುದಿಯುವ ತೊಟ್ಟಿಗಳಿಗೆ ಕಬ್ಬಿಣದ ಜಾಲರಿ ಹಾಕಿಸಿ. ಈ ಕೊನೆಯ ಬೇಡಿಕೆ ಯಾಕೆ ಬಂತೆಂದು ಬಿಡಿಸಿ ಹೇಳಬೇಕಿಲ್ಲ. ಕಾಲು ಜಾರಿ ಆ ತೊಟ್ಟಿಗೆ ಬಿದ್ದವನು ಬದುಕಿ ಬರುತ್ತಿರಲಿಲ್ಲ. ಡಿಸೆಂಬರ್ 21ರಂದು, ಅವರು ತಂಗಿದ್ದ ಸಾಂತಾ ಮರಿಯಾ ಶಾಲೆಯ ಮೇಲೆ ಸೈನ್ಯ ಮಷಿನ್‌ಗನ್ ಹಾರಿಸಿತು. ಸತ್ತವರೆಷ್ಟು ಎಂಬ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ನಡುವೆ ಸಾವಿರಗಳ ಅಂತರವಿದೆ.

ಕೊನೆಗೆ ಈ ಉದ್ಯಮವನ್ನು ಮುಗಿಸಿದ್ದು ಒಂದು ಪ್ರಯೋಗಶಾಲೆ. ಗಾಳಿಯ ಸಾರಜನಕದಿಂದಲೇ, ಗೊಬ್ಬರಕ್ಕೆ ಮೂಲವಾಗುವ ಅಮೋನಿಯಾ ಮಾಡಬಹುದೆಂದು ಫ್ರಿಟ್ಸ್ ಹೇಬರ್ 1909ರಲ್ಲಿ ತೋರಿಸಿದ. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ತಂದ. 1913ರಲ್ಲಿ ಜರ್ಮನಿಯ ಓಪ್ಪಾವ್‌ನಲ್ಲಿ ಉತ್ಪಾದನೆ ಶುರುವಾಯಿತು. ಮರುಭೂಮಿ ಲಕ್ಷಾಂತರ ವರ್ಷ ಹಿಡಿದು ಮಾಡಿದ ಕೆಲಸವನ್ನು ಒಂದು ಕೊಳವೆ ಮಾಡತೊಡಗಿತು. 1929ರ ಆರ್ಥಿಕ ಕುಸಿತದ ನಂತರ ಗಣಿಯೂರುಗಳು ಒಂದೊಂದಾಗಿ ಬಾಗಿಲು ಹಾಕಿದವು. ಹಂಬರ್‌ಸ್ಟೋನನ್ನು ಹೊಸ ಕಂಪನಿಯೊಂದು ಮತ್ತೆ ಎಬ್ಬಿಸಿ ಒಂದಷ್ಟು ಕಾಲ ನಡೆಸಿತು. ಆ ನಾಟಕಶಾಲೆ, ಈಜುಕೊಳದ ವೈಭವವೆಲ್ಲ ಈ ಕೊನೆಗಾಲದ್ದು, ಆರುವ ಮುನ್ನ ದೀಪ ಉರಿದಂತೆ.

ಗುಜರಿಯಿಂದ ಪರಂಪರೆಗೆ

ಮುಚ್ಚಿದ ಗಣಿಯೂರಿನ ಮೊದಲ ಶತ್ರು ಗುಜರಿ ವ್ಯಾಪಾರ. ಹಂಬರ್‌ಸ್ಟೋನ್ ಮತ್ತು ಸಾಂತಾ ಲೌರಾ ಕೂಡ ಬಿಚ್ಚಿ ಮಾರುವ ಸರಕಾಗಿಯೇ ಕೈ ಬದಲಾದವು. 1970ರಲ್ಲಿ ರಾಷ್ಟ್ರೀಯ ಸ್ಮಾರಕ ಎಂದು ಸಾರಿದ್ದರಿಂದ ಬುಡಮೇಲು ಕೆಡವುವುದು ತಪ್ಪಿತು. ಆದರೆ ಮರುಭೂಮಿಯ ನಡುವಿನ ಖಾಲಿ ಊರಿಗೆ ಫಲಕ ನೆಟ್ಟರೆ ಕಾವಲು ಕಾದ ಹಾಗಾಗುತ್ತದೆಯೇ? ಸುಮಾರು ನಲವತ್ತು ವರ್ಷ ದುರಸ್ತಿಯಿಲ್ಲದೆ ಬಿದ್ದಿದ್ದ ಕಟ್ಟಡಗಳಿಂದ ತಗಡು, ಮರ, ಪೈಪು, ತಂತಿ ಹೋಗುತ್ತಲೇ ಇದ್ದವು. ಉಳಿಸಲು ಗಟ್ಟಿಯಾಗಿ ನಿಂತವರು ಅಲ್ಲಿ ಹುಟ್ಟಿ ಬೆಳೆದವರೇ. ಹಳೆಯ ಪಂಪೀನೋಗಳು ಸೇರಿ 1997ರಲ್ಲಿ ನೈಟ್ರೇಟ್ ಮ್ಯೂಸಿಯಂ ನಿಗಮ ಕಟ್ಟಿಕೊಂಡರು, 2002ರಲ್ಲಿ ಜಾಗವನ್ನೇ ಕೊಂಡರು. ಒಂದು ಕಾಲಕ್ಕೆ ತಕ್ಕಡಿಯನ್ನು ಕೂಡ ಕೇಳಿ ಪಡೆಯಬೇಕಾಗಿದ್ದ ಊರಿಗೆ ಈಗ ಅವರೇ ಯಜಮಾನರು.

ಎರಡು ಊರನ್ನು ಒಂದೇ ತಾಣವೆಂದು ಎಣಿಸಿದ್ದಕ್ಕೆ ಕಾರಣವಿದೆ. ಹಂಬರ್‌ಸ್ಟೋನಿನಲ್ಲಿ ಮನೆಮಠ ಚೆನ್ನಾಗಿ ಉಳಿದಿದೆ, ಕಾರ್ಖಾನೆ ಹೋಗಿದೆ. ಸಾಂತಾ ಲೌರಾದಲ್ಲಿ ಮನೆಗಳು ಹೋಗಿವೆ, ಕಲೀಚೆ ಕುದಿಸುವ ಶ್ಯಾಂಕ್ಸ್ ಮಾದರಿಯ ಕಟ್ಟಡ ನಿಂತಿದೆ. ಆ ಬಗೆಯದು ಇಡಿಯಾಗಿ ಉಳಿದಿರುವುದು ಅದೊಂದೇ. ಎತ್ತರದ ಮರದ ಕಂಬಗಳ ಮೇಲೆ ಸುಕ್ಕುತಗಡಿನ ಭಾರೀ ಶೆಡ್ಡು, ಪಕ್ಕದಲ್ಲಿ ಉದ್ದನೆಯ ಚಿಮಣಿ. ಒಂದರಲ್ಲಿ ಬದುಕು, ಇನ್ನೊಂದರಲ್ಲಿ ದುಡಿಮೆ. ಕೈಗಾರಿಕಾ ಪರಂಪರೆಯ ಬಗ್ಗೆ 2003ರಲ್ಲಿ ರಷ್ಯಾದ ನಿಜ್ನಿ ತಗಿಲ್‌ನಲ್ಲಿ ಒಪ್ಪಿಕೊಂಡ ಸನ್ನದು ಹೇಳುವುದೂ ಇದನ್ನೇ: ಯಂತ್ರವನ್ನು ಇದ್ದಲ್ಲೇ ಉಳಿಸಬೇಕು, ಅದು ಕೆಲಸ ಮಾಡುತ್ತಿದ್ದ ಕ್ರಮ ನೋಡುವವರಿಗೆ ಅರ್ಥವಾಗಬೇಕು. ಬಾಯ್ಲರನ್ನು ಎತ್ತಿ ನಗರದ ಮ್ಯೂಸಿಯಂನಲ್ಲಿ ಇಟ್ಟರೆ ಅದೊಂದು ದೊಡ್ಡ ಪಾತ್ರೆ, ಅಷ್ಟೆ.

ಇನ್ನು ಕಟ್ಟಡಗಳ ಆರೋಗ್ಯ. ಮರುಭೂಮಿಯ ಒಣಹವೆ ಮರಕ್ಕೆ ಒಳ್ಳೆಯದು. ಉತ್ತರ ಅಮೆರಿಕದಿಂದ ಹಡಗಿನಲ್ಲಿ ಬಂದ ಆರೆಗಾನ್ ಪೈನ್ ತೊಲೆಗಳು ಮಲೆನಾಡಿನಲ್ಲಾಗಿದ್ದರೆ ಎಂದೋ ಕುಂಬಾಗುತ್ತಿದ್ದವು. ತಗಡಿನ ಕತೆ ಬೇರೆ. ಸಮುದ್ರದ ಕಡೆಯಿಂದ ಕಮಂಚಾಕಾ ಎಂಬ ಮಂಜು ಏರಿ ಬರುತ್ತದೆ. ಮಳೆ ಸುರಿಸುವಷ್ಟು ತೇವ ಅದರಲ್ಲಿಲ್ಲ, ಕಬ್ಬಿಣ ತಿನ್ನುವಷ್ಟು ಉಪ್ಪಿದೆ. ಇರುಳಿನ ತೇವ, ಹಗಲಿನ ಸುಡುಬಿಸಿಲು, ದಿನಕ್ಕೊಂದು ಸುತ್ತು. ತುಕ್ಕು ಹಿಡಿದ ಮೊಳೆ ಸಡಿಲವಾಗುತ್ತದೆ, ಮಧ್ಯಾಹ್ನದ ಗಾಳಿ ತಗಡಿನ ಅಂಚು ಹಿಡಿದು ಬಡಿಯುತ್ತದೆ, ಒಂದು ತಗಡು ಹಾರಿದರೆ ಆ ಸಂದಿಯಿಂದ ಗಾಳಿ ಒಳನುಗ್ಗಿ ಉಳಿದವನ್ನೂ ಎಬ್ಬಿಸುತ್ತದೆ. ಇದರ ಮೇಲೆ ಭೂಕಂಪ: ತಾರಾಪಾಕಾ ಪ್ರಾಂತ್ಯಕ್ಕೆ 2005ರ ಜೂನ್‌ನಲ್ಲಿ ಒಂದು, 2014ರ ಏಪ್ರಿಲ್ 1ರಂದು 8.2 ತೀವ್ರತೆಯ ಇನ್ನೊಂದು.

ಹಾಗಾದರೆ ತುಕ್ಕು ಹಿಡಿದ ತಗಡು ತೆಗೆದು ಹೊಸದು ಹೊಡೆದರಾಯಿತಲ್ಲ? ತಾಪತ್ರಯ ಇರುವುದೇ ಅಲ್ಲಿ. ಕಲ್ಲಿನ ಗುಡಿಯಲ್ಲಿ ಒಂದು ಕಂಬ ಬದಲಾದರೂ ಗುಡಿ ಗುಡಿಯೇ. ಶೆಡ್ಡಿನಲ್ಲಿ ತಗಡು ಬಿಟ್ಟರೆ ಇನ್ನೇನಿದೆ? ಪೂರ್ತಿ ಬದಲಿಸಿದರೆ ಹೊಚ್ಚಹೊಸ ಗೋದಾಮು. ಮುಟ್ಟದೆ ಬಿಟ್ಟರೆ ಹತ್ತು ವರ್ಷದಲ್ಲಿ ನೆಲಸಮ. ಇದಕ್ಕೆ ಸೂತ್ರವಿಲ್ಲ, ಒಂದೊಂದು ಗೋಡೆಗೂ ಕೂತು ತೀರ್ಮಾನಿಸಬೇಕು. ಸಾಮಾನ್ಯವಾಗಿ ಮೊದಲು ಅಸ್ಥಿಪಂಜರ ಗಟ್ಟಿಮಾಡುತ್ತಾರೆ: ಅಡಿಪಾಯ, ಕಂಬ, ಅಡ್ಡಪಟ್ಟಿ. ಹೊದಿಕೆಯಲ್ಲಿ ಉಳಿಯುವುದನ್ನು ಉಳಿಸಿಕೊಂಡು, ಹೊಸತು ಹಾಕಿದ್ದು ಎಲ್ಲಿ ಎಂಬ ದಾಖಲೆ ಇಡುತ್ತಾರೆ. ಅಪಾಯದ ಪಟ್ಟಿಯಿಂದ ಹೊರಬರಲು ತೆಗೆದುಕೊಂಡ 14 ವರ್ಷದ ಬಹುಪಾಲು ಇಂಥ ಸದ್ದಿಲ್ಲದ ಕೆಲಸಕ್ಕೇ ಹೋಯಿತು: ಕಾವಲು, ಬಲಪಡಿಸುವಿಕೆ, ನಿರ್ವಹಣಾ ಯೋಜನೆ, ಅದಕ್ಕೆ ಹಣ.

ಇನ್ನೊಂದು ತಮಾಷೆಯ ಪ್ರಶ್ನೆ ಕಸದ್ದು. ಕುದಿಸಿ ಉಳಿದ ಚರಟವನ್ನು ಸುರಿದು ಸುರಿದು ಪ್ರತಿ ಗಣಿಯೂರಿನ ಪಕ್ಕ ಚಪ್ಪಟೆ ತಲೆಯ ಗುಡ್ಡವಾಗಿದೆ. ಅಲ್ಲಿನವರು ಅದಕ್ಕೆ ತೋರ್ತಾ, ಅಂದರೆ ಕೇಕು ಎನ್ನುತ್ತಾರೆ. ಅದರಲ್ಲಿ ಇನ್ನೂ ನೈಟ್ರೇಟ್, ಅಯೋಡಿನ್ ಇದೆ. ಈಗಿನ ವಿಧಾನದಲ್ಲಿ ತೆಗೆಯಲೂಬಹುದು. ಕೋಲಾರ ಚಿನ್ನದ ಗಣಿಯ ಸೈನೈಡ್ ದಿಬ್ಬಗಳನ್ನು ನೋಡಿದವರಿಗೆ ಈ ಚರ್ಚೆ ಹೊಸದಲ್ಲ. ಹಂಬರ್‌ಸ್ಟೋನಿನಲ್ಲಿ ಆ ಗುಡ್ಡಗಳೂ ಪರಂಪರೆಯ ಭಾಗ. ಸರಿಯಾದ ತೀರ್ಮಾನ ಎಂದೇ ನನ್ನ ಅಭಿಪ್ರಾಯ. ನಾಟಕಶಾಲೆ ನೋಡಿದವನಿಗೆ ಊರು ಸುಖವಾಗಿತ್ತೆನಿಸೀತು. ಆ ಗುಡ್ಡದ ಬುಡದಲ್ಲಿ ನಿಂತರೆ, ಬಿಸಿ ತೊಟ್ಟಿಗೆ ಇಳಿದು ಇಷ್ಟನ್ನೂ ಸಲಿಕೆಯಲ್ಲಿ ಎತ್ತಿ ಹಾಕಿದವರ ಲೆಕ್ಕ ಸಿಗುತ್ತದೆ.

ಯಾವ ಕತೆ ಉಳಿಸಬೇಕೆಂಬ ಪ್ರಶ್ನೆ ಅಂತೋಫಗಾಸ್ತಾ ಪ್ರಾಂತ್ಯದ ಚಕಬುಕೊದಲ್ಲಿ ಇನ್ನೂ ಬಿಗಿಯಾಗುತ್ತದೆ. 1924ರಲ್ಲಿ ಶುರುವಾದ ಆ ಗಣಿಯೂರು ಹದಿನೈದು ವರ್ಷ ಆಸುಪಾಸಿನಲ್ಲೇ ಮುಚ್ಚಿತು. 1971ರಲ್ಲಿ ಸ್ಮಾರಕವಾಯಿತು. 1973ರಲ್ಲಿ ಸರ್ವಾಧಿಕಾರಿ ಪಿನೊಚೆಯ ಸೇನಾ ಸರ್ಕಾರ ಅದೇ ಲೈನ್ ಮನೆಗಳನ್ನು ರಾಜಕೀಯ ಕೈದಿಗಳ ಶಿಬಿರ ಮಾಡಿತು, ಸುತ್ತ ನೆಲಬಾಂಬು ಹೂತಿತು. ಮುಂದೆ ಅಲ್ಲಿ ಬಂದಿಯಾಗಿದ್ದವರೊಬ್ಬರೇ ಕಾವಲುಗಾರರಾಗಿ ಹಿಂದಿರುಗಿ ವರ್ಷಗಟ್ಟಲೆ ಒಬ್ಬರೇ ನೆಲೆಸಿದ್ದರು. ಅಲ್ಲಿ ಗೋಡೆಯ ಗಾರೆ ಕೆರೆದು 1924ರ ಬಣ್ಣ ಹಚ್ಚಿದರೆ 1973 ಅಳಿಸಿಹೋಗುತ್ತದೆ.

ಈ ಪರಂಪರೆಯ ಇನ್ನೊಂದು ತುದಿ ಜರ್ಮನಿಯ ಹ್ಯಾಂಬರ್ಗಿನಲ್ಲಿದೆ. ನೈಟ್ರೇಟ್ ವ್ಯಾಪಾರದಲ್ಲಿ ಹಣ ಮಾಡಿದ ಹೆನ್ರಿ ಸ್ಲೋಮಾನ್ 1922ರಿಂದ 1924ರ ನಡುವೆ ಕಟ್ಟಿಸಿದ ಚಿಲಿಹೌಸ್ ಎಂಬ ಹತ್ತು ಅಂತಸ್ತಿನ ಇಟ್ಟಿಗೆ ಕಟ್ಟಡ, ಹಡಗಿನ ಮೂತಿಯಂತೆ ಚೂಪಾಗಿ ರಸ್ತೆಗೆ ಚಾಚಿದೆ. ಅದೂ 2015ರಲ್ಲಿ ವಿಶ್ವ ಪರಂಪರೆಯಾಯಿತು. ಕೇಪ್ ಹಾರ್ನ್ ಸುತ್ತಿ ನೈಟ್ರೇಟ್ ಹೊರುತ್ತಿದ್ದ ಪೀಕಿಂಗ್ ಎಂಬ ನಾಲ್ಕು ಕೂವೆಯ ಹಾಯಿಹಡಗು ದುರಸ್ತಿಯಾಗಿ 2020ರಲ್ಲಿ ಅದೇ ಊರಿಗೆ ಮರಳಿದೆ. ಚಿಲಿಹೌಸನ್ನು ಯಾರೂ ಅಪಾಯದ ಪಟ್ಟಿಗೆ ಸೇರಿಸಬೇಕಾಗಲಿಲ್ಲ. ಲಾಭ ಹೋಗಿ ಸೇರಿದ ಕಡೆ ಸುಟ್ಟ ಇಟ್ಟಿಗೆ, ಲಾಭ ಹುಟ್ಟಿದ ಕಡೆ ತಗಡು.

ಪ್ರತಿ ನವೆಂಬರಿನಲ್ಲಿ ಹಂಬರ್‌ಸ್ಟೋನಿನಲ್ಲಿ ನೈಟ್ರೇಟ್ ವಾರ ನಡೆಯುತ್ತದೆ. ಹಳೆಯ ನಿವಾಸಿಗಳು, ಅವರ ಮಕ್ಕಳು ಮೊಮ್ಮಕ್ಕಳು ಬರುತ್ತಾರೆ, ಬ್ಯಾಂಡು, ಕುಣಿತ, ನಾಟಕಶಾಲೆಯಲ್ಲಿ ಕಾರ್ಯಕ್ರಮ. 1960ರಲ್ಲಿ ಊರು ಬಿಟ್ಟಾಗ ಎಳೆಗೂಸಾಗಿದ್ದವರಿಗೇ ಈಗ ಅರವತ್ತೈದು ದಾಟಿದೆ. ಬೇರೆ ಇನ್ನೂರು ಊರುಗಳಲ್ಲಿ ಹೆಚ್ಚಿನವಕ್ಕೆ ಬೇಲಿಯೂ ಇಲ್ಲ, ಕಾವಲೂ ಇಲ್ಲ; ಉಳಿದಿರುವುದು ಗೋಡೆಯ ಬುಡ, ಚರಟದ ಗುಡ್ಡ, ಸ್ವಲ್ಪ ದೂರದಲ್ಲಿ ಸ್ಮಶಾನ. ಅಲ್ಲಿ ಮರದ ಶಿಲುಬೆಗಳಿಗೆ ಕಾಗದದ ಹೂವು, ತಗಡು ಕತ್ತರಿಸಿ ಮಾಡಿದ ಹೂವಿನ ಹಾರ ಕಟ್ಟಿರುತ್ತಾರೆ. ನಿಜದ ಹೂವು ಆ ನೆಲದಲ್ಲಿ ಅರಳುವುದಿಲ್ಲ. ನವೆಂಬರ್ 1ರ ಸಂತರ ಹಬ್ಬಕ್ಕೆ ಇಕೀಕೆಯಿಂದ ಮನೆಮಂದಿ ಬಂದು ಮರಳು ಗುಡಿಸಿ, ಶಿಲುಬೆ ನೆಟ್ಟಗೆ ನಿಲ್ಲಿಸಿ, ಬಿಸಿಲಿಗೆ ಬಿಳಿಚಿದ ಹಾರವನ್ನು ಬಿಚ್ಚಿ ಹೊಸದನ್ನು ಕಟ್ಟಿ ಹೋಗುತ್ತಾರೆ.